ಹುಲಿಯನ್ನೂ ದೇವರನ್ನೂ ಎರೆದ ಕಂಚು

ಶ್ರೀರಂಗಪಟ್ಟಣಕ್ಕೆ ಬಂದ ಯಾತ್ರಿಕರು ರಂಗನಾಥನ ದರ್ಶನ ಪಡೆದು, ದರಿಯಾ ದೌಲತಿನ ಗೋಡೆಯ ಚಿತ್ರಗಳನ್ನು ನೋಡಿ, ಸಂಗಮದಲ್ಲಿ ಮಿಂದು ಮರಳುತ್ತಾರೆ. ಈ ದ್ವೀಪದಲ್ಲಿ ಒಂದು ಕಾಲಕ್ಕೆ ಕಂಚನ್ನು ಕರಗಿಸಿ ಹುಲಿಯನ್ನು ಎರೆಯುತ್ತಿದ್ದರೆಂಬುದು ಬಹು ಮಂದಿಯ ನೆನಪಿಗೆ ಬರುವುದಿಲ್ಲ. ಟಿಪ್ಪುವಿನ ಕಂಚಿನ ತೋಪುಗಳಲ್ಲಿ ಕೆಲವಕ್ಕೆ ಹುಲಿಯ ಮೊಗವಿತ್ತು; ಗುಂಡು ಹೊರಬೀಳುತ್ತಿದ್ದುದು ಅದರ ತೆರೆದ ಬಾಯಿಂದ. ಕೊಲ್ಲುವ ಸಲಕರಣೆಗೆ ಇಷ್ಟೊಂದು ಚೆಲುವೇಕೆಂದು ಕೇಳಬಹುದು. ಹೆದರಿಸುವುದೂ ಯುದ್ಧದ ಒಂದು ಅಂಗವೇ ಅಲ್ಲವೆ? 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅಂಥ ತೋಪುಗಳು ಕಡಲು ದಾಟಿದವು. ಆಗ ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಮನೆತನಕ್ಕೆ ಸೇರಿದ್ದ ಪೊವಿಸ್ ಕೋಟೆಯಲ್ಲಿ, ದೂರದ ವೇಲ್ಸ್ ನಾಡಿನಲ್ಲಿ, ಪಟ್ಟಣದ ಕಂಚಿನ ಹುಲಿಗಳು ಇಂದಿಗೂ ಬಾಯಿ ತೆರೆದುಕೊಂಡಿವೆ.

ಅಲ್ಲಿಂದ ಉತ್ತರಕ್ಕೆ ಪಾಂಡವಪುರ. ಹೈದರ್–ಟಿಪ್ಪು ಪಾಳೆಯದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಇದಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಇದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಲೋಹದ ಇನ್ನೊಂದು ಮುಖ ಕಾಣುತ್ತದೆ. ಗರ್ಭಗುಡಿಯ ಶಿಲಾಮೂರ್ತಿ ಕದಲುವುದಿಲ್ಲ. ಲೋಹದ ಚೆಲುವಪಿಳ್ಳೆಯಾದರೋ ವೈರಮುಡಿಯ ಇರುಳಿನಲ್ಲಿ ವಜ್ರದ ಕಿರೀಟ ತೊಟ್ಟು ಬೀದಿಗೇ ಬಂದುಬಿಡುತ್ತಾನೆ. ರಾಮಾನುಜಾಚಾರ್ಯರು ಅವನನ್ನು ದೆಹಲಿಯಿಂದ ಕರೆತಂದರೆಂದೂ, ಸುಲ್ತಾನನ ಮಗಳು ಅವನನ್ನು ಅಗಲಲಾರದೆ ಹಿಂದೆಯೇ ಬಂದಳೆಂದೂ ಸ್ಥಳಪುರಾಣ. ಇತಿಹಾಸಕಾರರು ಏನಾದರೂ ಹೇಳಲಿ, ಲೋಹದ ದೇವರು ನಡೆಯುವ ದೇವರು.

ಚಲನೆಯನ್ನು ಕಂಚಿನಲ್ಲಿ ಹಿಡಿಯುವ ಹಂಬಲ ನಮ್ಮೊಬ್ಬರದೇ ಅಲ್ಲ. ತೈವಾನಿನ ಶಿಲ್ಪಿ ಜೂ ಮಿಂಗ್ (1938–2023) ತಮ್ಮ ಗುರುವಿನ ಮಾತಿನಂತೆ 1976ರಲ್ಲಿ ‘ತಾಯ್ ಚಿ’ ಎಂಬ ಚೀನೀ ಕಾಳಗದ ವಿದ್ಯೆಯನ್ನು ಅಭ್ಯಾಸ ಮಾಡತೊಡಗಿದರು. ನಮ್ಮ ಗರಡಿಯ ಆರ್ಭಟ ಅದರಲ್ಲಿಲ್ಲ. ಎದುರಾಳಿಯ ಬಲಕ್ಕೆ ಅಡ್ಡ ನಿಲ್ಲದೆ ಆ ಬಲವನ್ನೇ ಬೇರೆಡೆಗೆ ತಿರುಗಿಸುವುದು ಅದರ ಮರ್ಮ. ಮೆದುವಾದದ್ದು ಗಟ್ಟಿಯಾದದ್ದನ್ನು ಗೆಲ್ಲುವುದೆಂಬ ತಾವೋ ದರ್ಶನ ಅದರ ಹಿಂದಿದೆ. ಆ ಸಾಧನೆಯಿಂದ ಹುಟ್ಟಿದ ಅವರ ಕಂಚಿನ ದೈತ್ಯರಿಗೆ ಕಣ್ಣು ಮೂಗುಗಳ ರೂಪವಿಲ್ಲ, ಮೈಯೆಲ್ಲ ಒರಟು. ಆದರೂ ಮಂಡಿ ಬಾಗಿಸಿ ಕೈಚಾಚಿದ ಆ ಭಾರ ಇನ್ನೇನು ಹೊರಳಿತು ಎನಿಸುತ್ತದೆ. ಪಟ್ಟಣದ ಹುಲಿ ವೈರಿಯ ಮೇಲೆ ಹಾರುತ್ತದೆ. ಈ ದೈತ್ಯರು ಅವನಿಗೆ ದಾರಿ ಬಿಟ್ಟು ಬೀಳಿಸುತ್ತಾರೆ.

ಕೃಷ್ಣರಾಜಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನಲ್ಲಿ 13ನೆಯ ಶತಮಾನದ ಲಕ್ಷ್ಮೀನಾರಾಯಣನ ಗುಡಿಯಿದೆ. ತಿರುಗಣಿಯಲ್ಲಿ ಕಡೆದ ಅಲ್ಲಿನ ಕಂಬಗಳ ನುಣುಪನ್ನು ಕಂಡರೆ ಕಲ್ಲೋ ಎರಕವೋ ಎಂದು ಭ್ರಮೆ ಹುಟ್ಟುತ್ತದೆ. ಆದರೆ ಕಲ್ಲುಕುಟಿಗ ತನ್ನ ಮೂರ್ತಿಯನ್ನು ಕೊನೆಯವರೆಗೂ ಕಣ್ಣೆದುರಿಗೆ ಕಾಣುತ್ತಾನೆ. ಎರಕದವನಿಗೆ ಆ ನೆಮ್ಮದಿಯಿಲ್ಲ.

ಅದು ತಿಳಿಯುವುದು ನಾಗಮಂಗಲದಲ್ಲಿ. ಸೌಮ್ಯಕೇಶವನ ಈ ಊರು ಕಂಚಿನ ವಿಗ್ರಹಗಳಿಗೆ ಹೆಸರುವಾಸಿ. ಮೇಣದೆರಕದಲ್ಲಿ ಜೇನುಮೇಣಕ್ಕೆ ರಾಳ ಬೆರೆಸಿ ಮೊದಲು ಮೂರ್ತಿ ಮಾಡುವರು. ಬೆರಳು, ಆಭರಣ, ಕಿರೀಟದ ಮಣಿ ಎಲ್ಲವೂ ಮೇಣದಲ್ಲೇ ಮೂಡಬೇಕು. ಅದರ ಮೇಲೆ ನುಣ್ಣನೆಯ ಮಣ್ಣಿನ ಲೇಪ, ಒಣಗಿದ ಮೇಲೆ ಮತ್ತೆ ಲೇಪ. ಕಾಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಉಳಿದ ಪೊಳ್ಳಿಗೆ ಕರಗಿದ ಲೋಹವನ್ನು ಎರೆಯುವರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದೊಳಗೆ ಈ ಕ್ರಮವನ್ನು ಬರೆದಿಟ್ಟಿದ್ದಾನೆ. ಮೇಣದ ತೂಕಕ್ಕೆ ಬೆಳ್ಳಿಯಾದರೆ 12 ಪಾಲು, ಚಿನ್ನವಾದರೆ 16 ಪಾಲು ಎಂದು ಅವನ ಲೆಕ್ಕ. ಸಿಂಹಾಸನದ ಮೇಲಿದ್ದವನಿಗೆ ಕುಲುಮೆಯ ಲೆಕ್ಕವೂ ತಿಳಿದಿದ್ದುದು ಸೋಜಿಗವೇ ಸರಿ.

ಎಲ್ಲ ದುಡಿಮೆಯೂ ಎರೆಯುವ ಒಂದು ಗಳಿಗೆಯಲ್ಲಿ ನಿಂತಿರುತ್ತದೆ. ಮಣ್ಣಿನಲ್ಲಿ ತೇವ ಉಳಿದಿದ್ದರೆ, ಲೋಹ ಬೆರಳಿನ ತುದಿಗೆ ಹರಿಯುವ ಮುನ್ನವೇ ಆರಿದರೆ, ಮೂರ್ತಿ ಕೆಟ್ಟಿತು. ಮೇಣದ ರೂಪ ಆಗಲೇ ಕರಗಿಹೋಗಿದೆ. ಮತ್ತೆ ಮೊದಲಿನಿಂದ ಮಾಡಬೇಕು. ಒಂದೇ ಅಚ್ಚಿನಿಂದ ನೂರು ಗೊಂಬೆ ತೆಗೆಯುವ ಈ ಕಾಲದಲ್ಲಿ, ಒಂದು ಅಚ್ಚಿಗೆ ಒಂದೇ ಮೂರ್ತಿ ಎಂಬ ಈ ಕೆಲಸಕ್ಕೆ ತಕ್ಕ ಬೆಲೆ ಕೊಡುವವರು ಎಷ್ಟು ಮಂದಿ? ಅಗ್ಗದ್ದನ್ನೇ ಕೊಂಡು ದೇವರಮನೆಯಲ್ಲಿಡುವ ನಾವೂ ಈ ಪ್ರಶ್ನೆಯಿಂದ ಹೊರತಲ್ಲ.

ಮಣ್ಣನ್ನು ಒಡೆದಾಗ ಹೊರಬರುವುದು ಕಪ್ಪಿಟ್ಟ ಒರಟು ಗೊಂಬೆ. ಅದನ್ನು ಅರದಿಂದ ಉಜ್ಜಿ, ಚಾಣದಿಂದ ತಿದ್ದಿ, ಕಟ್ಟಕಡೆಗೆ ಕಣ್ಣು ತೆರೆಸುತ್ತಾರೆ.