ಸದ್ದಿಲ್ಲದೆ ತೆರೆದ ಸೀಸೆ

ನಾಯಕನಹಟ್ಟಿಯ ಟೀಚರಮ್ಮ ವೈನು ಕುಡಿದಳಂತೆ ಎಂಬ ಸುದ್ದಿ ಯಾರ ಬಾಯಿಂದಲೋ ಊರು ಸೇರುವ ಮೊದಲು ನಾನೇ ಬರೆದುಬಿಡುವುದು ಮೇಲು. ಕುಡಿದದ್ದು ನಿಜ. ಅರ್ಧ ಲೋಟ. ಅದೂ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ, ಅಳಿಯನ ಎದುರಿಗೇ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಸೀಸೆ ಎಂದರೆ ಅಪ್ಪ. ಶೇಂಗಾ ಮಾರಿದ ದುಡ್ಡು ಚಳ್ಳಕೆರೆಯಿಂದ ಮನೆಗೆ ಬರುವಷ್ಟರಲ್ಲಿ ಅರ್ಧವಾಗಿರುತ್ತಿತ್ತು. ಸಂಜೆ ಮುಚ್ಚಳ ತೆಗೆದ ಸದ್ದು ಕೇಳಿದೊಡನೆ ಅವ್ವ ಒಂದು ಮಾತೂ ಆಡದೆ ಕೈಗೆ ಸಿಗುವ ತಟ್ಟೆ ಲೋಟಗಳನ್ನೆಲ್ಲ ಒಳಗೆ ಸರಿಸುತ್ತಿದ್ದಳು. ನಾವು ಮಕ್ಕಳು ಪುಸ್ತಕ ಎತ್ತಿಕೊಂಡು ಪಕ್ಕದ ಮನೆಯ ಜಗುಲಿಗೆ ಹೋಗುತ್ತಿದ್ದೆವು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಆ ಜಗುಲಿಯ ಮೇಲೆಯೇ.

2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅಪ್ಪ ಅದನ್ನು ನೋಡಲು ಇರಲಿಲ್ಲ. ಅದೇ ವರ್ಷ ಸರ್ಕಾರ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು ದ್ರಾಕ್ಷಾರಸ ನೀತಿಯನ್ನೂ ತಂದಿತು. ಒಂದು ಕೈಯಲ್ಲಿ ಸೀಸೆ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟಂತಾಯಿತಲ್ಲ ಎಂದು ನಾವು ಶಿಕ್ಷಕಿಯರು ಊಟದ ಬಿಡುವಿನಲ್ಲಿ ಆಡಿಕೊಂಡು ನಕ್ಕಿದ್ದೆವು. ಆ ಇನ್ನೊಂದು ಕೈಯ ಸೀಸೆ ಒಂದು ದಿನ ನನ್ನ ಮುಂದೆಯೇ ಬಂದು ಕೂರುತ್ತದೆಂದು ಯಾರು ಎಣಿಸಿದ್ದರು?

ನನ್ನ ಅಳಿಯನಿಗೆ ದೊಡ್ಡ ಹೋಟೆಲೊಂದರಲ್ಲಿ ಕೆಲಸ. ಅವರ ಮದುವೆಯ ವಾರ್ಷಿಕೋತ್ಸವದ ದಿನ ನಾಸಿಕದ ಕಡೆಯ ಒಂದು ಬಿಳಿ ವೈನು ತಂದಿದ್ದ. "ಅತ್ತೆ, ಇದು ಡ್ರೈ" ಎಂದ. "ಒಣಗಿದ್ದಾದರೆ ಒಳಗೆ ಅಲುಗಾಡುತ್ತಿರುವುದು ಏನಪ್ಪಾ?" ಎಂದೆ. ಸಿಹಿ ಇಲ್ಲದ್ದನ್ನು ಹಾಗೆ ಕರೆಯುತ್ತಾರಂತೆ. ಚೀಟಿಯ ಮೇಲೆ 'ಬ್ರೂಟ್' ಎಂದಿತ್ತು. ಇಂಗ್ಲಿಷಿನಲ್ಲಿ ಆ ಪದಕ್ಕೆ ಪಶು ಎಂದು ಮಕ್ಕಳಿಗೆ ಅರ್ಥ ಬರೆಸಿದವಳು ನಾನು. ಸೀಸೆಯ ಮೇಲೆ ಅದು ಸರಿಯಾಗಿಯೇ ಇದೆ ಎನ್ನಿಸಿತು. ಆದರೆ ಇದು ಫ್ರೆಂಚ್ ಮಾತು. ಲೀಟರಿಗೆ ಹನ್ನೆರಡು ಗ್ರಾಮಿಗಿಂತ ಕಡಿಮೆ ಸಕ್ಕರೆ ಇದೆ ಎಂಬ ಗುರುತು. ಶಾಂಪೇನ್ ಎಂಬ ಹೆಸರು ಮಾತ್ರ ಫ್ರಾನ್ಸಿನ ಆ ಸೀಮೆಯದಕ್ಕೇ ಮೀಸಲು.

ನೊರೆ ಹೇಗೆ ಬರುತ್ತದೆ ಎಂದು ಕೇಳಿದೆ. ದೋಸೆ ಹಿಟ್ಟು ಉಬ್ಬುವ ಹಾಗೆಯೇ. ಒಮ್ಮೆ ಹುಳಿತು ವೈನಾದ ರಸಕ್ಕೆ ಮತ್ತೆ ಸ್ವಲ್ಪ ಸಕ್ಕರೆ, ಯೀಸ್ಟು ಬೆರೆಸಿ ಸೀಸೆಯಲ್ಲೇ ಬಿಗಿದಿಡುತ್ತಾರೆ. ಹುಟ್ಟಿದ ಗಾಳಿ ಹೊರಗೆ ಹೋಗಲಾರದೆ ರಸದಲ್ಲೇ ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟು, ಸೀಸೆಯನ್ನು ತಲೆಕೆಳಗು ಮಾಡಿ, ಕತ್ತಿಗೆ ಇಳಿದ ಚರಟವನ್ನು ಹೆಪ್ಪುಗಟ್ಟಿಸಿ ತೆಗೆದು, ಹೊಸ ಬಿರಡೆ ಹಾಕಿ ತಂತಿ ಕಟ್ಟುತ್ತಾರೆ. ಒಳಗಿನ ಒತ್ತಡ ಕಾರಿನ ಟೈರಿನ ಎರಡು ಪಟ್ಟಿಗೂ ಹೆಚ್ಚು.

ಆ ಮಾತು ಕೇಳಿಯೇ ನನಗೆ ಒಳಗೊಳಗೆ ನಡುಕ. ಅವನು ಸೀಸೆಯನ್ನು ಐಸು, ನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟಿದ್ದ. ಆರೆಂಟು ಡಿಗ್ರಿಗೆ ತಣ್ಣಗಾಗದಿದ್ದರೆ ನೊರೆ ಉಕ್ಕಿ ಪೋಲಾಗುತ್ತದಂತೆ. ಬಿರಡೆಯ ಮೇಲಿನ ಬೆರಳು ತೆಗೆಯದೆ ತಂತಿ ಬಿಚ್ಚಿದ. ಸಿನಿಮಾದವರಂತೆ ಕುಲುಕಲಿಲ್ಲ. ಯಾರ ಕಡೆಗೂ ತಿರುಗಿಸಲಿಲ್ಲ. ಬಿರಡೆಯನ್ನು ಹಾಗೇ ಬಿಗಿಯಾಗಿ ಹಿಡಿದು ಕೆಳಗಿನ ಸೀಸೆಯನ್ನು ಮಾತ್ರ ಮೆಲ್ಲಗೆ ತಿರುಗಿಸತೊಡಗಿದ.

ಆಗ ಮಗಳು ನನ್ನ ಕೈ ಹಿಡಿದಳು. "ಅಮ್ಮ, ಏನು ಮಾಡ್ತಿದ್ದೀಯ?"

ನೋಡಿಕೊಂಡೆ. ಮೇಜಿನ ಮೇಲಿದ್ದ ತಟ್ಟೆಗಳನ್ನೆಲ್ಲ ಒಂದೊಂದಾಗಿ ನನ್ನ ಕಡೆಗೆ ಸರಿಸಿಕೊಂಡಿದ್ದೆ.

ಬಿರಡೆ ಬಂದದ್ದು ಗೊತ್ತಾಗಲೇ ಇಲ್ಲ. ನಿಟ್ಟುಸಿರಿನಂಥ ಒಂದು ಸದ್ದು, ಅಷ್ಟೆ. ಢಂ ಎನ್ನಿಸುವುದು ದಡ್ಡತನ, ಸದ್ದಿಲ್ಲದೆ ತೆರೆಯುವುದೇ ವಿದ್ಯೆ ಎಂದ ಅಳಿಯ. ಉದ್ದನೆಯ ಲೋಟವನ್ನು ಓರೆ ಹಿಡಿದು ಸುರಿದ. ಕೈಯ ಬಿಸಿ ತಾಗದಂತೆ ಕಡ್ಡಿಯಂಥ ಕಾಲನ್ನೇ ಹಿಡಿಯಬೇಕು. ಗಟಗಟ ಕುಡಿಯದೆ, ಮೊದಲು ಮೂಸಿ, ಒಂದು ಗುಟುಕು ನಾಲಿಗೆಯ ಮೇಲೆ ನಿಲ್ಲಿಸಬೇಕು. ಹಸಿ ಸೇಬಿನ ವಾಸನೆ, ನಿಂಬೆಯ ಹುಳಿ, ಗುಳ್ಳೆಗಳ ಚುರುಚುರು. ಇಂಥ ವೈನಿಗೆ ಉಪ್ಪು, ಎಣ್ಣೆಯ ತಿಂಡಿ ಹೊಂದುತ್ತದೆಂದು ಅವನು ಹೇಳಿದಾಗ ನಾನು ಮಾಡಿದ ಮಂಡಕ್ಕಿ ಮೆಣಸಿನಕಾಯಿ ಮೇಜಿಗೆ ಬಂತು, ಊರಿನಿಂದ ತಂದ ಹುರಿದ ಶೇಂಗಾ ಬಂತು. ಎಣ್ಣೆಯ ಜಿಡ್ಡನ್ನು ಆ ಹುಳಿ ತೊಳೆದುಬಿಡುತ್ತದೆ. ಖಾರವನ್ನು ಮಾತ್ರ ಗುಳ್ಳೆಗಳು ಇನ್ನಷ್ಟು ಏರಿಸುತ್ತವೆ. ಖಾರ ಕಡಿಮೆ ಇರಲಿ ಎಂಬುದು ನನ್ನ ಅನುಭವದ ಮಾತು.

ಇದನ್ನು ಓದಿ ಯಾರೂ ಅಂಗಡಿಗೆ ಓಡಬೇಕಿಲ್ಲ. ಇದೂ ಮದ್ಯವೇ, ನೂರಕ್ಕೆ ಸುಮಾರು ಹನ್ನೆರಡು ಪಾಲು ಆಲ್ಕೋಹಾಲು. ಬೆಲೆ ಹೆಚ್ಚಾದ ಮಾತ್ರಕ್ಕೆ ಸೀಸೆಗೆ ಸಂಸ್ಕಾರ ಬರುವುದಿಲ್ಲ. ಇಂಥದ್ದನ್ನೇ ಕುಡಿದು ಮನೆ ಕೆಡಿಸಿದವರೂ ಲೋಕದಲ್ಲಿ ಇದ್ದಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ರುಚಿಯಲ್ಲ. ಅವರಿಬ್ಬರೂ ಒಂದೊಂದು ಲೋಟ ಮುಗಿಸಿ, ಉಳಿದದ್ದಕ್ಕೆ ಕೊಂಡಿಯಿರುವ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರು. ಹಳೆಯ ಬಿರಡೆ ಉಬ್ಬಿರುವುದರಿಂದ ಮತ್ತೆ ಒಳಗೆ ಹೋಗುವುದಿಲ್ಲವಂತೆ. ಆಮೇಲೆ ಅಳಿಯ ತಟ್ಟೆ ತೊಳೆದ. ನಾನು ಮಲಗಿ ಬಹಳ ಹೊತ್ತು ಅತ್ತೆ. ಏಕೆಂದು ಮಗಳಿಗೆ ಹೇಳಲಿಲ್ಲ.

ಊರಿಗೆ ಬಂದು ಅವ್ವನಿಗೆ ಮಾತ್ರ ಹೇಳಿದೆ. ಎಂಬತ್ತು ದಾಟಿದ ಜೀವ, ಬೈಯುತ್ತಾಳೆಂದುಕೊಂಡಿದ್ದೆ. ಮೊರದಲ್ಲಿದ್ದ ಶೇಂಗಾ ಆರಿಸುತ್ತಲೇ ಕೇಳಿದಳು:

"ಸೀಸೆ ಖಾಲಿ ಆತೇನೆ?"

"ಇಲ್ಲವ್ವ. ಉಳಿದಿದ್ದನ್ನ ಮುಚ್ಚಿಟ್ರು."

ಅವ್ವನ ಕೈ ನಿಂತಿತು. "ಉಳಿಸಿದ್ರಾ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆರಿಸತೊಡಗಿದಳು.