ತಿಂಗಳಿಗೊಂದು ಅದ್ಭುತ ಕಥೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೇಳಲು ಸಂಘದ ಕಾರ್ಯದರ್ಶಿಗಳು ಮನೆಗೆ ಬಂದಾಗ, ನಾವು ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ಬರೆಯುವೆವೆಂದೇ ಅವರು ಭಾವಿಸಿದ್ದರು. ಆ ವಿಷಯವಾಗಿ ನಾವು ಈ ಹಿಂದೆ ಮೂರು ಬಾರಿ ಬರೆದಿದ್ದೇವೆ. ಸ್ಥಿತಿ ಬದಲಾಗಿಲ್ಲ, ಆದಕಾರಣ ಲೇಖನವೂ ಬದಲಾಗುವಂತಿಲ್ಲ. ಈ ಸಲ ನಮ್ಮ ಓದಿನ ಪುಸ್ತಕದ ಬಗ್ಗೆ ಬರೆಯುತ್ತೇವೆ ಎಂದೆವು. ಯಾವ ಪುಸ್ತಕ ಎಂದು ಅವರು ಕೇಳಿದರು. ಇನ್ನೂರು ಪುಟದ ಗೆರೆ ಹಾಕಿದ ನೋಟುಬುಕ್ಕನ್ನು ತಂದು ಮೇಜಿನ ಮೇಲಿಟ್ಟೆವು. ನಿವೃತ್ತರಾದ ಮೇಲೆ ತಿಂಗಳಿಗೊಂದರಂತೆ ನಾವು ಓದಿದ ಅದ್ಭುತ ಕಾದಂಬರಿಗಳ ಲೆಕ್ಕ ಅದರಲ್ಲಿದೆ: ಹೆಸರು, ಹಿಡಿದ ದಿನ, ಮುಗಿಸಿದ ದಿನ, ನಾಲ್ಕು ಸಾಲಿನ ಅಭಿಪ್ರಾಯ. ರಾಕ್ಷಸರು, ಮಂತ್ರವಾದಿಗಳು, ಹಾರುವ ಕುದುರೆಗಳು. ಕಾರ್ಯದರ್ಶಿಗಳು ಸಭ್ಯರು, ನಗಲಿಲ್ಲ.

ನಾವು ಹುಟ್ಟಿದ್ದು 1949ರಲ್ಲಿ. ಕನ್ನಡ 'ಚಂದಮಾಮ' ಹುಟ್ಟಿದ್ದೂ ಅದೇ ವರ್ಷ. ತೆಲುಗು ಮತ್ತು ತಮಿಳಿನ 'ಚಂದಮಾಮ'ಗಳು ಎರಡು ವರ್ಷ ಮೊದಲೇ, 1947ರಲ್ಲಿ, ಮದರಾಸಿನಲ್ಲಿ ಪ್ರಾರಂಭವಾಗಿದ್ದವು. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಅದರ ಸ್ಥಾಪಕರು. ಕಲ್ಯಾಣದುರ್ಗದ ನಮ್ಮ ಬೀದಿಯಲ್ಲಿ ಆಗ 'ಚಂದಮಾಮ'ದ ಎರಡು ಪ್ರತಿಗಳು ಬರುತ್ತಿದ್ದವು. ಒಂದು ನಮ್ಮ ಮನೆಗೆ ಕನ್ನಡದಲ್ಲಿ, ಮತ್ತೊಂದು ಎದುರು ಮನೆಯ ಬಟ್ಟೆ ಅಂಗಡಿಯವರಿಗೆ ತೆಲುಗಿನಲ್ಲಿ. ಚಿತ್ರ ಒಂದೇ, ಕಥೆ ಒಂದೇ, ಲಿಪಿ ಮಾತ್ರ ಅಕ್ಕತಂಗಿಯರಂತೆ ಬೇರೆ ಬೇರೆ. ಎದುರು ಮನೆಯ ಹುಡುಗನೂ ನಾವೂ ಜಗಲಿಯ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಸಾಲಿಗೆ ಸಾಲು ಹೋಲಿಸಿ ಓದುತ್ತಿದ್ದೆವು. ತಲಕಟ್ಟು ಎಲ್ಲಿ ಬಾಗುತ್ತದೆ, ಎಲ್ಲಿ ಎದ್ದು ನಿಲ್ಲುತ್ತದೆ ಎಂಬುದನ್ನು ನಮಗೆ ಕಲಿಸಿದವರು ಉಪಾಧ್ಯಾಯರಲ್ಲ, ವಿಕ್ರಮಾದಿತ್ಯ ಮತ್ತು ಬೇತಾಳ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂದಿದ್ದ ನಮಗೆ ಕನ್ನಡ ಓದಲು ಬರೆಯಲು ಬಂದದ್ದು ಹೀಗೆ. ಮುಂದೆ ಕನ್ನಡ ಮಾಧ್ಯಮದ ಶಾಲೆಯಲ್ಲಿ ಅನ್ನ ತಿಂದೆವೆಂದರೆ ಅದರಲ್ಲಿ ಬೇತಾಳನಿಗೂ ಒಂದು ಪಾಲು ಸಲ್ಲಬೇಕು.

ಹೆಗಲ ಮೇಲೆ ಶವ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ರಾಜನ ಆ ಚಿತ್ರವನ್ನು ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಮುಖಪುಟಕ್ಕೆ ಮಹಾಭಾರತದ ಚಿತ್ರಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರೆಂಬುದು ನಮ್ಮ ತಂದೆಯವರಿಗೆ ದೊಡ್ಡ ಹೆಮ್ಮೆಯ ಸಂಗತಿ. ಎದುರು ಮನೆಯವರಿಗೆ ಕೇಳಿಸುವಂತೆ ಹೇಳುತ್ತಿದ್ದರು. ಆದರೆ ನಮ್ಮನ್ನು ತಿಂಗಳಿಡೀ ಕಾಡುತ್ತಿದ್ದುದು ಚಿತ್ರವೂ ಅಲ್ಲ, ಬೇತಾಳನೂ ಅಲ್ಲ, ಧಾರಾವಾಹಿ. 1954ರಲ್ಲಿ ತೆಲುಗಿನಲ್ಲಿ 'ತೋಕಚುಕ್ಕ' ಎಂಬುದರೊಂದಿಗೆ ಆ ಅದ್ಭುತ ಧಾರಾವಾಹಿಗಳ ಸಾಲು ಮೊದಲಾಯಿತು. ಬರೆದವರು ದಾಸರಿ ಸುಬ್ರಹ್ಮಣ್ಯಂ. ಅವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ. ಲಕ್ಷಾಂತರ ಮಕ್ಕಳ ನಿದ್ರೆ ಕೆಡಿಸಿದ ಮನುಷ್ಯ ಯಾರೆಂದು ತಿಳಿಯುವ ಹೊತ್ತಿಗೆ ನಮಗೆ ತಲೆ ನರೆತಿತ್ತು.

ನಾಯಕನು ಮೊಸಳೆಯ ಬಾಯಿಗೆ ಬಿದ್ದೊಡನೆ 'ಇನ್ನೂ ಇದೆ' ಎಂದು ನಿಲ್ಲಿಸಿಬಿಡುತ್ತಿದ್ದರು. ಮುಂದಿನ ಸಂಚಿಕೆ ಬರುವವರೆಗೆ ನಮ್ಮ ಬೇವಿನ ಮರದ ಕೆಳಗಿನ ಸಭೆಯಲ್ಲಿ ಅವನನ್ನು ಹತ್ತು ಬಗೆಯಲ್ಲಿ ಬದುಕಿಸಿಯಾಗುತ್ತಿತ್ತು. ಓದು ಎರಡು ದಿನದ್ದು, ಕಾಯುವುದು ಇಪ್ಪತ್ತೆಂಟು ದಿನದ್ದು. ಕಲ್ಪನೆ ಎಂಬುದು ಬೆಳೆಯುತ್ತಿದ್ದುದು ಆ ಇಪ್ಪತ್ತೆಂಟು ದಿನಗಳಲ್ಲಿ ಎಂದು ಈಗ ನಮಗೆ ತೋರುತ್ತದೆ. ಅದೂ ಅಲ್ಲದೆ ಕಲ್ಯಾಣದುರ್ಗ, ರಾಯದುರ್ಗ, ಪೆನುಗೊಂಡೆಗಳ ಸೀಮೆಯಲ್ಲಿ ಬೆಳೆದವರಿಗೆ ಕೋಟೆ, ಸುರಂಗ, ನಿಧಿ ಕಾಯುವ ಸರ್ಪ ಇವು ಕಥೆಯಷ್ಟೇ ಅಲ್ಲ. ಪ್ರತಿಯೊಂದು ಗುಡ್ಡಕ್ಕೂ ಒಂದು ನಿಧಿ, ಪ್ರತಿಯೊಂದು ನಿಧಿಗೂ ಅದನ್ನು ಕಣ್ಣಾರೆ ಕಂಡ ಒಬ್ಬ ಚಿಕ್ಕಪ್ಪ ಇದ್ದೇ ಇರುತ್ತಿದ್ದರು.

ಹೀಗೆ ಬೆಳೆದ ನಾವೇ ಬಿ.ಎ., ಬಿ.ಎಡ್. ಮುಗಿಸಿ ಮೇಷ್ಟರಾದ ಮೇಲೆ ಈ ಕಥೆಗಳ ಶತ್ರುವಾದೆವು. ಪಠ್ಯ, ಪರೀಕ್ಷೆ, ಫಲಿತಾಂಶ. ಮಿಕ್ಕ ಸಮಯದಲ್ಲಿ ಹುಬ್ಬಳ್ಳಿಯ 'ಕಸ್ತೂರಿ' ಓದುತ್ತಿದ್ದೆವು. ಅದರ ಪುಸ್ತಕ ವಿಭಾಗದಲ್ಲಿ ತಿಂಗಳಿಗೊಂದು ಗ್ರಂಥದ ಸಂಗ್ರಹ ಬರುತ್ತಿತ್ತು, ಗೌರವಸ್ಥ ಓದು. ಮಾಯೆ ಮಂತ್ರಗಳೆಲ್ಲ ಹುಡುಗರ ಕಾಲಹರಣ ಎಂದು ನಂಬಿದ್ದೆವು.

ಅದು 1986 ಇರಬಹುದು. ಹಿಂದೂಪುರದ ಸಮೀಪದ ಹಳ್ಳಿಯೊಂದರಲ್ಲಿ ನಾವು ಮುಖ್ಯೋಪಾಧ್ಯಾಯರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸಮಾಜ ಪಾಠದ ವೇಳೆಯಲ್ಲಿ ಬೆಂಚಿನ ಕೆಳಗೆ ಏನನ್ನೋ ಓದುತ್ತಿದ್ದ. ಕಸಿದುಕೊಂಡೆವು. ಹಳೆಯ ಮಾಸಪತ್ರಿಕೆಯ ಹಾಳೆಗಳನ್ನು ಗೋಣಿ ಹೊಲಿಯುವ ದಾರದಿಂದ ಹೊಲಿದ ಒಂದು ಕಟ್ಟು. ಅವನ ತಂದೆ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವರು. ಪೊಟ್ಟಣಕ್ಕೆಂದು ತಂದ ರದ್ದಿಯಿಂದ ಹುಡುಗ ಧಾರಾವಾಹಿಯ ಪುಟಗಳನ್ನು ಆರಿಸಿ ಕೂಡಿಸಿದ್ದ. 'ನಾಳೆ ನಿಮ್ಮ ತಂದೆಯವರನ್ನು ಕರೆದುಕೊಂಡು ಬಾ' ಎಂದು ಎಲ್ಲರೆದುರಿಗೆ ಹೇಳಿ, ಕಟ್ಟನ್ನು ಬೀರುವಿನಲ್ಲಿ ಎಸೆದೆವು. ತಂದೆ ಬರಲಿಲ್ಲ. ಹುಡುಗನೂ ಒಂದು ವಾರ ಬರಲಿಲ್ಲ, ಆಮೇಲೆ ಬಂದ. ಕಟ್ಟನ್ನು ಅವನು ಕೇಳಲಿಲ್ಲ, ನಾವು ಕೊಡಲಿಲ್ಲ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ ಶಾಲೆಯಿಂದ ಹೊರಟುಹೋದ. ಇವೆರಡಕ್ಕೂ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಇಲ್ಲವೆಂದು ಹೇಳಲೂ ಧೈರ್ಯವಿಲ್ಲ.

ವರ್ಗಾವಣೆಯಾದಾಗ ಬೀರುವಿನ ಕಾಗದಪತ್ರಗಳೆಲ್ಲ ಪೆಟ್ಟಿಗೆಗೆ ಸೇರಿ ಊರೂರು ತಿರುಗಿದವು. 2007ರಲ್ಲಿ ನಿವೃತ್ತರಾಗಿ ಹಿಂದೂಪುರದಲ್ಲಿ ನೆಲೆಸಿ ಪೆಟ್ಟಿಗೆಗಳನ್ನು ಬಿಚ್ಚುವಾಗ ಆ ಕಟ್ಟು ಕೈಗೆ ಬಂತು. ಇಪ್ಪತ್ತು ವರ್ಷ ತೆರೆದೂ ನೋಡದಿದ್ದುದನ್ನು ಅಂದು ತೆರೆದು ಓದತೊಡಗಿದೆವು. ನಡುವೆ ಮೂರು ಕಂತುಗಳು ಇರಲಿಲ್ಲ. ಕಡಲೆಕಾಯಿ ಪೊಟ್ಟಣವಾಗಿ ಹೋಗಿರಬೇಕು. ಆ ಜಾಗದಲ್ಲಿ ಗೆರೆ ಹಾಕಿದ ಹಾಳೆಗಳನ್ನು ಸೇರಿಸಿ ಹೊಲಿದಿತ್ತು. ಅದರಲ್ಲಿ ನೀಲಿ ಶಾಯಿಯಿಂದ, ದುಂಡಾದ ಕನ್ನಡ ಅಕ್ಷರಗಳಲ್ಲಿ, ಇಲ್ಲದ ಕಂತುಗಳನ್ನು ಹುಡುಗ ತಾನೇ ಬರೆದಿದ್ದ. ಹದಿನೆಂಟು ಪುಟ. ಒತ್ತಕ್ಷರದ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಪ್ರತಿ ಕಂತೂ ನಿಲ್ಲಬೇಕಾದಲ್ಲಿಯೇ ನಿಂತಿತ್ತು. ಕೆಳಗೆ 'ಇನ್ನೂ ಇದೆ' ಎಂದೂ ಬರೆದಿದ್ದ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾವು ಪ್ರಬಂಧ ತಿದ್ದಿದ್ದೇವೆ. ಒಬ್ಬ ವಿದ್ಯಾರ್ಥಿ ಸ್ವಂತ ಇಚ್ಛೆಯಿಂದ ಹದಿನೆಂಟು ಪುಟ ಕನ್ನಡ ಬರೆದದ್ದನ್ನು ಅದೊಂದೇ ಸಲ ಕಂಡದ್ದು. ಅದನ್ನು ನಾವು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆವು.

ನೋಟುಬುಕ್ಕು ಪ್ರಾರಂಭವಾದದ್ದು ಆ ವಾರದಲ್ಲಿ. ಯಾವುದನ್ನು ನಾವು ಓದಬಾರದೆಂದು ಹೇಳುತ್ತಿದ್ದೆವೋ ಅದನ್ನೇ ತಿಂಗಳಿಗೊಂದರಂತೆ ಓದುವುದೆಂದು ನಿರ್ಧರಿಸಿದೆವು. ನಮ್ಮ ಮನೆಯವರು ಇದನ್ನು ಪ್ರಾಯಶ್ಚಿತ್ತ ಎನ್ನುತ್ತಿದ್ದರು. ಮೊದಲ ವರ್ಷ ಹಾಗಿದ್ದಿರಬಹುದು. ಆಮೇಲೆ ರುಚಿ ಹತ್ತಿತು.

ಓದುತ್ತ ಹೋದಂತೆ ತಿಳಿದದ್ದೇನೆಂದರೆ ಇದು ಹೊರಗಿನಿಂದ ಬಂದ ಸರಕಲ್ಲ. ತೆಲುಗಿನವರು 'ನವಲ' ಎನ್ನುವುದನ್ನು ನಾವು 'ಕಾದಂಬರಿ' ಎನ್ನುತ್ತೇವೆ. ಆ ಹೆಸರು ಬಾಣಭಟ್ಟನ ಕೃತಿಯದು. ಅಲ್ಲಿ ಕಥೆ ಹೇಳುವುದು ಗಿಳಿ. ಚಂದ್ರನೇ ರಾಜಕುಮಾರನಾಗಿ ಹುಟ್ಟುತ್ತಾನೆ. ಕುದುರೆಯೊಂದು ಶಾಪಗ್ರಸ್ತ ಮುನಿಕುಮಾರ. ಸುಮಾರು ಸಾವಿರ ವರ್ಷಗಳ ಹಿಂದೆ ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಅಂದರೆ ಬಡ್ಡಿ ವ್ಯವಹಾರದ ಬಗ್ಗೆ ವಾಸ್ತವವಾಗಿ ಬರೆದ ಪುಸ್ತಕವನ್ನೂ ನಾವು ಒಂದು ಮಾಯಾಕಥೆಯ ಹೆಸರಿನಿಂದಲೇ ಕರೆಯುತ್ತಿದ್ದೇವೆ. ಬಾಣನು ಕೃತಿಯನ್ನು ಮುಗಿಸದೆ ತೀರಿಕೊಂಡ. ಉಳಿದದ್ದನ್ನು ಬರೆದು ಪೂರೈಸಿದವನು ಅವನ ಮಗ. ಈ ಸಂಗತಿ ನಮಗೆ ಬಿ.ಎ. ತರಗತಿಯಿಂದಲೂ ಗೊತ್ತಿತ್ತು, ಆದರೆ ಕಟ್ಟನ್ನು ಓದಿದ ಮೇಲೆ ಅದರ ಅರ್ಥವೇ ಬೇರೆಯಾಯಿತು.

ಇನ್ನು ಗುಣಾಢ್ಯ. ಪೈಶಾಚೀ ಭಾಷೆಯಲ್ಲಿ ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಬರೆದು ಶಾತವಾಹನ ರಾಜನ ಬಳಿಗೆ ಕಳುಹಿಸಿದ, ರಾಜ ತಿರಸ್ಕರಿಸಿದ. ಕವಿ ಕಾಡಿನಲ್ಲಿ ಬೆಂಕಿ ಹಾಕಿ, ಮೃಗಗಳಿಗೆ ಓದಿ ಹೇಳುತ್ತ ಒಂದೊಂದೇ ಹಾಳೆಯನ್ನು ಸುಟ್ಟ. ಮೃಗಗಳು ಮೇವು ಬಿಟ್ಟು ಕೇಳುತ್ತ ನಿಂತವಂತೆ. ರಾಜ ಓಡಿ ಬರುವಷ್ಟರಲ್ಲಿ ಒಂದು ಲಕ್ಷ ಮಾತ್ರ ಉಳಿದಿತ್ತು. ಶಾತವಾಹನರ ಹೆಸರು ಬಂದಾಗ ನಮ್ಮ ಕಲ್ಯಾಣದುರ್ಗ ಸೀಮೆಯ ಹೆಮ್ಮೆಯನ್ನು ಹೇಳದೆ ಮುಂದೆ ಹೋಗಲಾರೆವು: ಆ ವಂಶದ ರಾಜ ಹಾಲನ ಗಾಥಾಸಪ್ತಶತಿಯನ್ನು ತೆಲುಗಿಗೆ ತಂದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ಇಲ್ಲಿಯ ರಾಳ್ಳಪಲ್ಲಿಯವರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸುತ್ತ ಕನ್ನಡದಲ್ಲಿಯೂ ಗ್ರಂಥಗಳನ್ನು ಬರೆದವರು. ಎರಡು ಭಾಷೆಗಳ ಜಗಲಿಯ ಮೇಲೆ ಕುಳಿತವರಲ್ಲಿ ಅವರು ಹಿರಿಯರು.

ಹಿಂದೂಪುರದ ಪಾಲಿಗೂ ಒಂದು ಹೆಸರಿದೆ. ಆಲಿಸ್ ಎಂಬ ಇಂಗ್ಲಿಷ್ ಹುಡುಗಿಯ ಕಥೆಯನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂದು ಕನ್ನಡಕ್ಕೆ ಒಗ್ಗಿಸಿದ ನಾ. ಕಸ್ತೂರಿಯವರು ತಮ್ಮ ಬಾಳಿನ ಉತ್ತರಾರ್ಧವನ್ನು ಕಳೆದದ್ದು ಪುಟ್ಟಪರ್ತಿಯಲ್ಲಿ. 2022ರಲ್ಲಿ ಅನಂತಪುರ ಜಿಲ್ಲೆ ಒಡೆದ ಮೇಲೆ ಹಿಂದೂಪುರವೂ ಪುಟ್ಟಪರ್ತಿಯೂ ಒಂದೇ ಜಿಲ್ಲೆಗೆ ಸೇರಿವೆ. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ನಮಗೆ ಹುಟ್ಟೂರು ಒಂದು ಜಿಲ್ಲೆ, ಮನೆ ಒಂದು ಜಿಲ್ಲೆ. ನಡುವೆ ಪಾವಗಡದ ದಾರಿಯಲ್ಲಿ ಹೋದರೆ ಕರ್ನಾಟಕ.

ಕನ್ನಡದಲ್ಲಿ ಈಚಿನವರ ಪೈಕಿ ಕಂಬಾರರ 'ಶಿಖರಸೂರ್ಯ' ನಮ್ಮ ನೋಟುಬುಕ್ಕಿನಲ್ಲಿ ಎರಡು ಸಲ ದಾಖಲಾಗಿದೆ. ಅವರ ಶಿವಾಪುರ ಯಾವ ನಕಾಶೆಯಲ್ಲಿಯೂ ಇಲ್ಲದಿದ್ದರೂ ನಮಗೆ ಅಲ್ಲಿಯ ದಾರಿ ಗೊತ್ತು ಎನಿಸುತ್ತದೆ. ತೇಜಸ್ವಿಯವರ 'ಕರ್ವಾಲೊ'ವನ್ನು ಅದ್ಭುತ ಕಾದಂಬರಿಯ ಪಟ್ಟಿಗೆ ಸೇರಿಸಬಹುದೇ ಎಂದು ಸ್ನೇಹಿತರು ಆಕ್ಷೇಪಿಸಿದ್ದಾರೆ. ಹಾರುವ ಓತಿ ನಿಜವಾದ ಪ್ರಾಣಿಯೇ ಇರಬಹುದು. ಅದನ್ನು ಹಿಂಬಾಲಿಸಿ ಹೋದವರು ಸೇರಿದ್ದು ಎಲ್ಲಿಗೆ ಎಂಬುದನ್ನು ನೋಡಿ ನಾವು ಸೇರಿಸಿದ್ದೇವೆ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ಒಂದು ದಸರೆ ರಜೆಗೆ ಬಂದಾಗ ಟೋಲ್ಕಿನ್ನರ ಮೂರು ಸಂಪುಟಗಳನ್ನು ತಂದು, 'ತಾತ, ಇದನ್ನು ಓದದೆ ನೋಟುಬುಕ್ಕು ಮುಚ್ಚಬೇಡಿ' ಎಂದಳು. ತಿಂಗಳಿಗೊಂದು ಎಂಬ ನಿಯಮ ಮುರಿದುಬಿದ್ದದ್ದು ಅಲ್ಲಿ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ನಡುವೆ ಮುಗಿಸಿಕೊಂಡು, ಐದು ತಿಂಗಳು ಓದಿದೆವು. ನಕಾಶೆ ನಮಗೆ ಬಹಳ ಹಿಡಿಸಿತು, ಭೂಗೋಳ ಕಲಿಸಿದವರಲ್ಲವೇ. ಹಾಡುಗಳನ್ನು ದಾಟಿ ಹೋದೆವೆಂದು ಒಪ್ಪಿಕೊಳ್ಳುತ್ತೇವೆ. ಅವು ಅಚ್ಚಾದದ್ದು 1954 ಮತ್ತು 1955ರಲ್ಲಿ ಎಂದು ನೋಡಿದಾಗ ಆಶ್ಚರ್ಯವಾಯಿತು. ಆಕ್ಸ್‌ಫರ್ಡಿನ ಪ್ರಾಧ್ಯಾಪಕರ ಪುಸ್ತಕಗಳು ಅವರ ಹೆಸರಿನಲ್ಲಿ ಅಚ್ಚಾದ ಆ ಕಾಲದಲ್ಲಿಯೇ ಮದರಾಸಿನ ಮೇಜಿನ ಮುಂದೆ ಒಬ್ಬರು ಹೆಸರಿಲ್ಲದೆ ಬರೆಯುತ್ತಿದ್ದರು. ಈಗಿನ ಇಂಗ್ಲಿಷ್ ಪುಸ್ತಕಗಳ ಬಗ್ಗೆ ನಮ್ಮದೊಂದು ದೂರು: ಎಲ್ಲವೂ ಯುದ್ಧದಲ್ಲಿ ಮುಗಿಯುತ್ತವೆ. ಬೇತಾಳನ ಕಥೆ ಪ್ರಶ್ನೆಯಲ್ಲಿ ಮುಗಿಯುತ್ತದೆ. ಮೊಮ್ಮಗಳು ಇದನ್ನು ಒಪ್ಪುವುದಿಲ್ಲ. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ತಡವರಿಸುತ್ತಾಳೆ. ಆದ್ದರಿಂದ ಈ ವಾದವೆಲ್ಲ ಬಾಯಿಮಾತಿನಲ್ಲಿಯೇ ನಡೆಯಬೇಕು.

ಕಟ್ಟಿನ ಒಡೆಯನನ್ನು ಹುಡುಕುವುದನ್ನು ನಾವು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದೆವು. ನಾಚಿಕೆಯೇ ಕಾರಣ. ಕಳೆದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬರಿಂದ ವಿಳಾಸ ದೊರಕಿತು. ಪಾವಗಡದ ರಸ್ತೆಯಲ್ಲಿ ಟೀ ಅಂಗಡಿ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಐವತ್ತು ದಾಟಿದ ಮನುಷ್ಯ, ನಮ್ಮನ್ನು ನೋಡಿದೊಡನೆ ಟವೆಲ್ಲಿನಿಂದ ಬೆಂಚು ಒರೆಸಿ, 'ಬನ್ನಿ ಸಾರ್, ಕೂತ್ಕೊಳ್ಳಿ' ಎಂದರು. ಕಟ್ಟನ್ನು ಚೀಲದಿಂದ ತೆಗೆದು ಕೊಟ್ಟೆವು. ಏನು ಹೇಳಬೇಕೆಂದು ಸಿದ್ಧಪಡಿಸಿಕೊಂಡು ಹೋಗಿದ್ದ ವಾಕ್ಯ ಬಾಯಿಗೆ ಬರಲಿಲ್ಲ. ಅವರು ಹಾಳೆಗಳನ್ನು ತಿರುವಿ, ತಮ್ಮ ಅಕ್ಷರವನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದು ಕಡೆಗೆ ಏನಾಯ್ತು ಸಾರ್?' ಎಂದು ಕೇಳಿದರು. ಕೊನೆಯ ಕಂತು ಕಟ್ಟಿನಲ್ಲಿರಲಿಲ್ಲ. ಅದನ್ನು ಅವರು ಬರೆಯುವ ಮೊದಲೇ ನಾವು ಕಸಿದುಕೊಂಡಿದ್ದೆವು.

ದಾಸರಿಯವರ ಧಾರಾವಾಹಿಗಳು ತೆಲುಗಿನಲ್ಲಿ ಈಚೆಗೆ ಪುಸ್ತಕರೂಪದಲ್ಲಿ ಬಂದಿವೆ. ತರಿಸಿದೆವು. ಯಾವ ಧಾರಾವಾಹಿ ಎಂದು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಸಮ್ಮೇಳನದ ಊಟದ ಪಂಕ್ತಿಯಲ್ಲಿ ಅದರದೇ ಚರ್ಚೆಯಾಗುತ್ತದೆ. ಕೊನೆಯ ಅಧ್ಯಾಯವನ್ನು ಕನ್ನಡಕ್ಕೆ ಅನುವಾದಿಸಿ, ಅವರು ಬಳಸಿದಂಥದೇ ಗೆರೆ ಹಾಕಿದ ಹಾಳೆಗಳ ಮೇಲೆ ಬರೆದೆವು. ಕೈ ನಡುಗುವುದರಿಂದ ಆರು ಪುಟಕ್ಕೆ ಒಂದು ತಿಂಗಳು ಹಿಡಿಯಿತು. ನೋಟುಬುಕ್ಕಿನಲ್ಲಿ ಆ ತಿಂಗಳ ಎದುರಿಗೆ ಬೇರೆ ಯಾವ ಪುಸ್ತಕದ ಹೆಸರೂ ಇಲ್ಲ.

ಅಂಗಡಿಗೆ ಒಯ್ದು ಕೊಟ್ಟಾಗ ಅವರು ಗಿರಾಕಿಗಳನ್ನು ಮಗನಿಗೆ ಒಪ್ಪಿಸಿ, ಒಲೆಯ ಪಕ್ಕದಲ್ಲಿ ನಿಂತೇ ಓದಿದರು. ಓದಿ ಮುಗಿಸಿ ತಲೆ ಅಲ್ಲಾಡಿಸಿದರು.

'ಎಲ್ಲೋ ತಪ್ಪಿದೆ ಸಾರ್. ಮಂತ್ರವಾದಿಯ ಶಿಷ್ಯನ್ನ ನಾನು ಮಧ್ಯದಲ್ಲೇ ಸಾಯಿಸಿಬಿಟ್ಟಿದ್ದೀನಿ. ಇಲ್ಲಿ ಕಡೇವರೆಗೂ ಬದುಕಿದ್ದಾನಲ್ಲ?'

ಪರಿಶೀಲಿಸಿದೆವು. ಅವರು ಹೇಳಿದ್ದು ನಿಜ. ನೀಲಿ ಶಾಯಿಯ ಹನ್ನೊಂದನೆಯ ಪುಟದಲ್ಲಿ ಶಿಷ್ಯನು ಬೆಟ್ಟದಿಂದ ಬಿದ್ದು ಸತ್ತಿದ್ದಾನೆ. ಅನುವಾದದ ಭರದಲ್ಲಿ ನಾವು ಗಮನಿಸಿರಲಿಲ್ಲ. ಹಾಗಾದರೆ ಅವನನ್ನು ಬದುಕಿಸುವಂತೆ ಆ ಪುಟವನ್ನು ತಿದ್ದೋಣವೇ ಎಂದು ಕೇಳಿದೆವು.

'ಬ್ಯಾಡ ಸಾರ್, ಅದು ಹಂಗೇ ಇರ್ಲಿ. ಕಡೇದನ್ನೇ ನಾನು ಬೇರೆ ಬರೀತೀನಿ. ಒಂದು ತಿಂಗಳು ಟೈಮ್ ಕೊಡಿ.'

ಕೊಟ್ಟಿದ್ದೇವೆ. ಸಮ್ಮೇಳನದ ಮರುವಾರಕ್ಕೆ ತಿಂಗಳು ತುಂಬುತ್ತದೆ.