ಹಗ್ಗ ಎಳೆಯುವ ಧೈರ್ಯ

"ಕಾರ್ಖಾನೆಯ ಉತ್ಪಾದಕತೆಯ ಮೇಲೆ ಪರಿಣಾಮ ಬೀರುವ ಅಂಶಗಳು ಯಾವುವು?" ಇಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತು, ಇದು ಹತ್ತು ಮಾರ್ಕಿನ ಗ್ಯಾರಂಟಿ ಪ್ರಶ್ನೆ. ಜನ, ಯಂತ್ರ, ಕಚ್ಚಾವಸ್ತು, ವಿಧಾನ... ಒಂದೊಂದಕ್ಕೂ ನಾಲ್ಕು ಸಾಲು ಗೀಚಿದರೆ ಆಯ್ತು. ಆದರೆ ಈ ನಾಲ್ಕರಲ್ಲಿ ಬೈಸಿಕೊಳ್ಳೋದು ಮಾತ್ರ ಯಾವಾಗಲೂ ಮೊದಲನೆಯದೇ. "ಜನ ಸರಿ ಇಲ್ಲ ರೀ, ಬರೀ ಮೈಗಳ್ಳರು!" ಈ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗೋದು ಅಮೆರಿಕದ ಒಂದು ಕಾರ್ಖಾನೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆಯೊಂದಿತ್ತು. ಅಲ್ಲಿನ ಕೆಲಸಗಾರರಿಗೆ ತುಂಬಾ ಕೆಟ್ಟ ಹೆಸರು. ಹೇಳದೆ ಕೇಳದೆ ಚಕ್ಕರ್, ಕೆಲಸದ ಹೊತ್ತಲ್ಲೇ ಕುಡಿತ, ಯೂನಿಯನ್ ಜಗಳ. ಮ್ಯಾನೇಜರುಗಳದ್ದು ಒಂದೇ ಮಂತ್ರ: ಏನೇ ಆಗಲಿ, ಲೈನ್ ನಿಲ್ಲಬಾರದು. ತಪ್ಪು ಜೋಡಿಸಿದ ಕಾರೂ ಮುಂದೆ ಹೋಗಲಿ, ಆಮೇಲೆ ರಿಪೇರಿ ಮಾಡಿದರಾಯ್ತು. 1982ರಲ್ಲಿ ಬಾಗಿಲು ಹಾಕಿದರು.

1984ರಲ್ಲಿ ಅದೇ ಕಟ್ಟಡದಲ್ಲಿ ಟೊಯೋಟಾ ಮತ್ತು ಜಿ.ಎಂ. ಸೇರಿ 'ನುಮ್ಮಿ' ಅನ್ನೋ ಕಂಪನಿ ಶುರು ಮಾಡಿದವು. ಆಡಳಿತ ಟೊಯೋಟಾದ್ದು. ತಮಾಷೆ ಏನಂದ್ರೆ, ಕೆಲಸಗಾರರಲ್ಲಿ ಹೆಚ್ಚಿನವರು ಆ ಹಳೇ 'ಮೈಗಳ್ಳರೇ', ಯೂನಿಯನ್ನೂ ಅದೇ! ರೋಬೋಟುಗಳ ದಂಡೇನೂ ಬರಲಿಲ್ಲ. ನೂರಾರು ಜನರನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು. ಚಿಕ್ಕ ಚಿಕ್ಕ ತಂಡ ಮಾಡಿದರು. ಲೈನಿನ ಉದ್ದಕ್ಕೂ 'ಆಂಡಾನ್' ಹಗ್ಗ ಕಟ್ಟಿದರು. ಬೋಲ್ಟ್ ಸರಿಯಾಗಿ ಕೂರಲಿಲ್ಲವೇ? ಹಗ್ಗ ಎಳಿ. ತಂಡದ ಲೀಡರ್ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಲೈನೇ ನಿಲ್ಲುತ್ತದೆ.

ಲೈನ್ ನಿಲ್ಲಿಸಿದರೆ ಉತ್ಪಾದಕತೆ ಬೀಳಬೇಕಲ್ವಾ? ಆಗಿದ್ದು ಉಲ್ಟಾ. 'ದ ಮಷೀನ್ ದಟ್ ಚೇಂಜ್ಡ್ ದ ವರ್ಲ್ಡ್' (1990) ಪುಸ್ತಕದಲ್ಲಿ ಒಂದು ಕಾರು ಜೋಡಿಸಲು ಬೇಕಾದ ಶ್ರಮದ ಲೆಕ್ಕ ಇದೆ. ಜಿ.ಎಂ.ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ 31 ಗಂಟೆ, ಜಪಾನಿನ ತಕಾವೋಕಾದಲ್ಲಿ 16, ನುಮ್ಮಿಯಲ್ಲಿ 19. ಕಾರಣ ಸರಳ. ತಪ್ಪು ಹುಟ್ಟಿದ ಜಾಗದಲ್ಲೇ ತಿದ್ದಿದರೆ ನಿಮಿಷದ ಕೆಲಸ. ಅದರ ಮೇಲೆ ಸೀಟು, ಡ್ಯಾಶ್‌ಬೋರ್ಡು ಎಲ್ಲಾ ಕೂರಿಸಿದ ಮೇಲೆ ತಿದ್ದಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು.

ಆದರೆ ಬರೀ ಹಗ್ಗ ಕಟ್ಟಿದರೆ ಯಾರೂ ಎಳೆಯಲ್ಲ. ಎಳೆದರೆ ಕೆಲಸ ಹೋಗಲ್ಲ ಅನ್ನೋ ನಂಬಿಕೆ ಬೇಕು. 1988ರ ಸುಮಾರಿಗೆ ಮಾರಾಟ ಕುಸಿದಾಗ ನುಮ್ಮಿ ಯಾರನ್ನೂ ಮನೆಗೆ ಕಳಿಸಲಿಲ್ಲ, ತರಬೇತಿ ಕೊಟ್ಟು ಉಳಿಸಿಕೊಂಡಿತು. ಆ ನಂಬಿಕೆ ಹುಟ್ಟಿದ್ದು ಇಂಥದ್ದರಿಂದ. ಜಿ.ಎಂ. ಇದೇ ಪದ್ಧತಿಯನ್ನು ತನ್ನ ವ್ಯಾನ್ ನೈಸ್ ಕಾರ್ಖಾನೆಯಲ್ಲೂ ತರಲು ನೋಡಿತು. ಹತ್ತಲಿಲ್ಲ, 1992ರಲ್ಲಿ ಅದೂ ಮುಚ್ಚಿತು.

ನುಮ್ಮಿಯೂ ಶಾಶ್ವತವಾಗಿ ಉಳಿಯಲಿಲ್ಲ. 2009ರಲ್ಲಿ ಜಿ.ಎಂ. ಹೊರನಡೆಯಿತು, 2010ರಲ್ಲಿ ಕಾರ್ಖಾನೆ ನಿಂತಿತು. ಆ ಕಟ್ಟಡವನ್ನು ಟೆಸ್ಲಾ ಕೊಂಡುಕೊಂಡಿತು.

ನಾವು ಸಾಫ್ಟ್‌ವೇರಿನವರು ಟೊಯೋಟಾದಿಂದ 'ಕಾನ್‌ಬಾನ್' ಪದವನ್ನು ಎರವಲು ತಂದು ಗೋಡೆ ತುಂಬಾ ಚೀಟಿ ಅಂಟಿಸಿದ್ದೇವೆ. ಹಗ್ಗವನ್ನು ತಂದಿದ್ದೇವಾ ಅಂತ ತಿಳಿಯೋದು ಸುಲಭ. ರಿಲೀಸಿನ ಹಿಂದಿನ ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು "ಇದು ಸರಿಯಾಗಿ ಕೆಲಸ ಮಾಡ್ತಿಲ್ಲ" ಅಂದಳು ಅನ್ನಿ. ಆಗ ಮೊದಲು ಬರೋ ಪ್ರಶ್ನೆ "ಏನಾಯ್ತು?" ಅಂತಲೋ, "ಯಾರು ಮಾಡಿದ್ದು?" ಅಂತಲೋ... ಅಷ್ಟು ಗಮನಿಸಿದರೆ ಸಾಕು.